ಕರಗದ ನೀಲಿ

ಕೊಪ್ಪ
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಅಮ್ಮನಿಗೆ, ಸುಮ ಮಾಡುವ ನಮಸ್ಕಾರ.

ಕೈಯಲ್ಲಿ ಫೋನು ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತೀಯ, ಗೊತ್ತು. ಈ ಎಂಟು ದಿನದಲ್ಲಿ ಆರು ಸಲ ಫೋನ್ ಮಾಡಿದೆ. ಆರು ಸಲವೂ ನೀನು ಊಟವಾಯಿತಾ ಎಂದು ಕೇಳಿದೆ, ಅಳಿಯ ರಾಜೇಶರ ಕೆಮ್ಮು ಕಡಿಮೆಯಾಯಿತಾ ಎಂದು ಕೇಳಿದೆ. ನಾನು “ಅಮ್ಮ, ಅವತ್ತು ಶಿವಮೊಗ್ಗದಲ್ಲಿ” ಎಂದು ಬಾಯಿ ತೆರೆದ ಕೂಡಲೇ ನೀನು “ಅದೆಂತ ಬಿಡು ಮಾರಾಯ್ತಿ, ಇಲ್ಲಿ ಟ್ಯಾಂಕು ತುಂಬಿ ಹೋಗ್ತಾ ಇದೆ, ಇಡ್ತೀನಿ” ಎಂದೆ. ಆರು ಸಲವೂ ಟ್ಯಾಂಕು ಹೇಗೆ ತುಂಬುತ್ತದೆ ಅಮ್ಮ? ನನ್ನ ಬಾಯಿಂದ ಆ ಮಾತು ಬರಬಾರದೆಂದು ನೀನೇ ಅಡ್ಡ ನಿಲ್ಲುತ್ತಿದ್ದೀಯ. ಕಾಗದದ ಬಾಯಿಗೆ ಹಾಗೆ ಅಡ್ಡ ನಿಲ್ಲಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಓದಿದವಳು ನೀನು, ನಿಧಾನಕ್ಕೆ ಓದು.

ನಾನು ಇತ್ತೀಚೆಗೆ ತೆಗೆಯುವ ಫೋಟೋಗಳ ಬಗ್ಗೆ ನಿನಗೆ ಸರಿಯಾಗಿ ಹೇಳಲೇ ಇಲ್ಲ. ಎರಡು ವರ್ಷದ ಹಿಂದೆ ಆಷಾಢದಲ್ಲಿ ಮದುವೆ, ಗೃಹಪ್ರವೇಶ ಒಂದೂ ಇರಲಿಲ್ಲ. ದಿನಕ್ಕೆ ಒಬ್ಬರೋ ಇಬ್ಬರೋ ಪಾಸ್‌ಪೋರ್ಟ್ ಸೈಜಿಗೆ ನನ್ನ ಸ್ಟುಡಿಯೊಗೆ ಬರುತ್ತಿದ್ದರು. ಬೇಜಾರಿಗೆ ಒಂದು ದಿನ ಹತ್ತಿರದಿಂದ ತೆಗೆಯುವ ಲೆನ್ಸ್ ಹಾಕಿ, ಚಹಾ ಕಾಸಿ ಕಾಸಿ ಕಪ್ಪಾದ ಪಾತ್ರೆಯ ತಳವನ್ನು ತೆಗೆದೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಬೆಂಕಿ ಬಿದ್ದ ಗುಡ್ಡದ ಹಾಗಿತ್ತು. ಆಮೇಲೆ ಅಂಗಡಿಯ ಶಟರಿನ ತುಕ್ಕು, ಗಾಜಿನ ಮೇಲೆ ಕಿತ್ತುಹೋದ ಸ್ಟಿಕ್ಕರಿನ ಗೋಂದು, ಒಣಗಿದ ಗಂಧದ ಬಟ್ಟಲು. ಇಂಥದ್ದಕ್ಕೆ ಅಮೂರ್ತ ಚಿತ್ರ ಎನ್ನುತ್ತಾರಂತೆ. ಇದು ಯಾವ ವಸ್ತು ಎಂದು ನೋಡುವವರಿಗೆ ತಿಳಿಯಬಾರದು, ಆದರೆ ಏನೋ ಒಂದು ನೆನಪಾಗಬೇಕು. ಶಿವಮೊಗ್ಗದ ಮೇಘನ ಎಂಬ ಹುಡುಗಿ ಇವನ್ನು ಫೋನಿನಲ್ಲಿ ನೋಡಿ ತಮ್ಮ ಫೋಟೋ ಬಳಗಕ್ಕೆ ಸೇರಿಸಿಕೊಂಡಳು. ಹತ್ತು ಚಿತ್ರ ಕೊಡಿ, ಪ್ರದರ್ಶನ ಮಾಡೋಣ ಎಂದಳು.

ಹತ್ತು ಎಂದ ಕೂಡಲೇ ನನ್ನ ಕಣ್ಣು ಕಟ್ಟಿಹೋಯಿತು. ಎಷ್ಟು ಹುಡುಕಿದರೂ ಏನೂ ಹೊಳೆಯಲಿಲ್ಲ. ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಒಂದೇ, ನೀನು ಕೆಲಸ ಮಾಡುವ ಲಾಡ್ಜಿನ ಹಿತ್ತಲು. ಒಂದರೊಳಗೊಂದು ಇಟ್ಟ ಬಕೆಟ್ಟುಗಳು, ಹಿಂಡಿ ಸುತ್ತಿಟ್ಟ ಬೆಡ್‌ಶೀಟು, ಒಗೆಯುವ ಕಲ್ಲಿನ ಮೇಲೆ ಒಣಗಿದ ಸೋಪಿನ ನೊರೆ. ನಾನು ಬೆಳೆದದ್ದು ಅಲ್ಲಿ. ಯಾರಿಗೂ ಹೇಳದೆ ಮುಚ್ಚಿಟ್ಟದ್ದೂ ಅದನ್ನೇ. ಹೈಸ್ಕೂಲಿನಲ್ಲಿ ಗೆಳತಿಯರು ಕೇಳಿದರೆ ನಮ್ಮಮ್ಮ ಲಾಡ್ಜಿನಲ್ಲಿ ಮ್ಯಾನೇಜರ್ ಎನ್ನುತ್ತಿದ್ದೆ. ಇದು ನಿನಗೆ ಗೊತ್ತಿಲ್ಲ.

ಏಪ್ರಿಲ್‌ನಲ್ಲಿ ಶೃಂಗೇರಿಗೆ ಬಂದೆನಲ್ಲ, ನಿನ್ನನ್ನು ನೋಡಲು ಬಂದೆ ಎಂದು ಹೇಳಿದ್ದೆ. ಸುಳ್ಳು. ಹಿತ್ತಲಿನ ಫೋಟೋ ತೆಗೆಯಲು ಬಂದಿದ್ದೆ. ನೀನು ಕ್ಯಾಮೆರಾ ನೋಡಿ ಖುಷಿಪಟ್ಟು ಒಳಗೆ ಹೋಗಿ, ತಲೆ ಬಾಚಿ, ಮುಖ ತೊಳೆದು ಕುಂಕುಮ ಇಟ್ಟುಕೊಂಡು ಬಂದು ಗೋಡೆಗೆ ಒರಗಿ ನಿಂತೆ. ನಾನು ಬಕೆಟ್ಟಿನ ಮೇಲೆ ಬಗ್ಗಿದ್ದವಳು ತಲೆ ಎತ್ತದೆ, “ಅಮ್ಮ, ಸ್ವಲ್ಪ ಆಚೆ ಹೋಗು, ನೆರಳು ಬೀಳ್ತದೆ” ಎಂದೆ. ನೀನು ಆಚೆ ಹೋದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ನೀನು ಸೆರಗು ಸಿಕ್ಕಿಸಿಕೊಂಡು ಮತ್ತೆ ಒಗೆಯಲು ಕೂತಿದ್ದೆ. ಊರಿನವರಿಗೆಲ್ಲ ಫೋಟೋ ತೆಗೆದುಕೊಡುವ ನನ್ನ ಹತ್ತಿರ ನಿನ್ನದೊಂದು ಒಳ್ಳೆಯ ಫೋಟೋ ಇಲ್ಲ ಅಮ್ಮ. ಮೊನ್ನೆ ಹುಡುಕಿ ನೋಡಿದೆ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅರ್ಧ ಮುಖ ಕಾಣುವುದು ಒಂದಿದೆ, ಅಷ್ಟೆ.

ಅವತ್ತು ಹೊರಡುವ ಮುಂಚೆ ನಾನೇ ಕೇಳಿದೆ, ಹರಿದ ಬಿಳಿ ಬೆಡ್‌ಶೀಟು ಇದ್ದರೆ ಅದರ ಮೇಲೆ ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿಯನ್ನು ಕರಗಿಸದೆ ಹಾಗೇ ಉದುರಿಸಿ ಕೊಡು ಎಂದು. ನೀನು ನಕ್ಕುಬಿಟ್ಟೆ. “ಎಂತಕ್ಕೆ? ಅವತ್ತಿನ ಹಾಗೆ ಮಾಡ್ಬೇಕಾ?” ಎಂದೆ. ಅವತ್ತಿನದು ನಿನಗೂ ನೆನಪಿದೆ ಎಂದು ಆಗ ತಿಳಿಯಿತು. ಶೀಟನ್ನು ಒದ್ದೆ ಮಾಡಿ ಕಲ್ಲಿನ ಮೇಲೆ ಹರಡಿದವಳು ನೀನು. ಪುಡಿಯನ್ನು ಬೆರಳ ತುದಿಯಲ್ಲಿ ಚಿಟಿಕೆ ಚಿಟಿಕೆ ಉದುರಿಸಿದವಳು ನೀನು. ಒಂದು ಕಡೆ ಶೀಟನ್ನು ಸ್ವಲ್ಪ ಎತ್ತಿ ನೀಲಿಯನ್ನು ಇಳಿಜಾರಿಗೆ ಹರಿಯಬಿಟ್ಟವಳೂ ನೀನೇ. ನಾನು ಗುಂಡಿ ಒತ್ತಿದೆ.

ಅವತ್ತಿನದನ್ನು ಬರೆಯದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ನನಗೆ ಹತ್ತು ವರ್ಷ. ಬೇಸಿಗೆ ರಜೆ. ನೀನು ಮೇಲಿನ ರೂಮು ಗುಡಿಸಲು ಹೋದಾಗ, ನಿನಗೆ ಸಹಾಯ ಮಾಡುತ್ತೇನೆಂದು ನಾನು ನೀಲಿ ಪೊಟ್ಟಣ ಬಿಚ್ಚಿ, ಕರಗಿಸದೆ, ಹಿಂಡಿಟ್ಟ ಶೀಟುಗಳ ಮೇಲೆ ಸುರಿದೆ. ಹನ್ನೆರಡು ಶೀಟೂ ಹಾಳಾದವು. ಸಂಜೆ ಎರಡು ಬಸ್ ಯಾತ್ರಿಕರು ಬರುವವರಿದ್ದರು. ಲಾಡ್ಜಿನವರು ಅಂಗಳದಲ್ಲಿ ಎಲ್ಲರ ಎದುರು ನಿನ್ನನ್ನು ನಿಲ್ಲಿಸಿ ಬೈದರು. ನೀನು “ನನ್ನ ಕೈ ತಪ್ಪಾಯ್ತು” ಎಂದೆ. ನಾನು ನೀರಿನ ತೊಟ್ಟಿಯ ಹಿಂದೆ ಕೂತು ಕೇಳುತ್ತಿದ್ದೆ. ಎದ್ದು ಬಂದು ನಾನು ಮಾಡಿದ್ದು ಎನ್ನಲಿಲ್ಲ. ಆ ಮಳೆಗಾಲ ಪೂರ್ತಿ ನಿನ್ನನ್ನು ಪಾಯಿಖಾನೆ ತೊಳೆಯಲು ಹಾಕಿದರು.

ಮರುದಿನ ಆ ಶೀಟುಗಳನ್ನು ನಾವಿಬ್ಬರೂ ಹೊಳೆಗೆ ಒಯ್ದೆವು. ನಾನು ಅಳುತ್ತಿದ್ದೆ. ನೀನು ಒಂದು ಶೀಟನ್ನು ಬಿಸಿಲಿಗೆ ಹಿಡಿದು, “ಇಲ್ಲಿ ನೋಡೇ, ಮೋಡ ಎದ್ದ ಹಾಗಿಲ್ವಾ? ಇದು ನವಿಲು. ಇದು ನಮ್ಮ ಲಾಡ್ಜಿನ ಕುಸುಮಕ್ಕ ಕುಂಡೆ ಮೇಲೆ ಮಾಡ್ಕೊಂಡು ನೆಲ ಒರೆಸ್ತಾ ಇರೋದು” ಎಂದೆ. ಅಳು ನಿಂತು ನಗು ಬಂತು. ಒಂದೊಂದು ಕಲೆಗೂ ಒಂದೊಂದು ಹೆಸರಿಟ್ಟು, ಆಮೇಲೆ ಅದನ್ನು ಉಜ್ಜಿ ತೆಗೆದೆವು. ನನಗೆ ಇವತ್ತು ಪಾತ್ರೆಯ ತಳದಲ್ಲಿ ಗುಡ್ಡ ಕಾಣುತ್ತಿದ್ದರೆ ಅದು ಆ ದಿನ ಹೊಳೆಯಲ್ಲಿ ಕಲಿತದ್ದು. ಎನ್.ಆರ್. ಪುರದ ಸ್ಟುಡಿಯೊದಲ್ಲಿ ಮೂರು ವರ್ಷ ಇದ್ದು ಕಲಿತದ್ದು ಬರೀ ಕ್ಯಾಮೆರಾ.

ಈಗ ಶಿವಮೊಗ್ಗದ ಮಾತು.

ಪ್ರದರ್ಶನಕ್ಕೆ ನಾನು ನಿನ್ನನ್ನು ಕರೆಯಲಿಲ್ಲ. ರಾಜೇಶ್ ಫೋನಿನಲ್ಲಿ ಹೇಳಿಬಿಟ್ಟರು. ನೀನು ಒಬ್ಬಳೇ ಬೆಳಿಗ್ಗೆ ಶೃಂಗೇರಿಯಿಂದ ಬಸ್ಸು ಹತ್ತಿ, ಕೇಳಿಕೊಂಡು ಕೇಳಿಕೊಂಡು ಅಲ್ಲಿಗೆ ಬಂದೆ. ನೀನು ಬಾಗಿಲಲ್ಲಿ ನಿಂತದ್ದು ನನಗೆ ಕಂಡಿತ್ತು ಅಮ್ಮ. ಕಾಣಲಿಲ್ಲವೆಂದು ಎಂಟು ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ಆದರೆ ಕಂಡಿತ್ತು. ಆಗ ನಾನು ನೀಲಿ ಚಿತ್ರದ ಮುಂದೆ ಮೈಕು ಹಿಡಿದು ನಿಂತಿದ್ದೆ. ಎದುರಿಗೆ ಡಾಕ್ಟರುಗಳು, ಕಾಲೇಜು ಮೇಷ್ಟ್ರುಗಳು. ಇದು ಎಲ್ಲಿಂದ ಹೊಳೆಯಿತು ಎಂದು ಯಾರೋ ಕೇಳಿದರು. ಒಗೆಯುವ ಕಲ್ಲಿನಿಂದ ಎನ್ನಬೇಕಿತ್ತು. ಚಿಕ್ಕವಳಿದ್ದಾಗ ನಮ್ಮ ತಂದೆ ಹೆಗಲ ಮೇಲೆ ಕೂರಿಸಿಕೊಂಡು ಹಿರೇಕೊಡಿಗೆಯ ಗುಡ್ಡಕ್ಕೆ ಕರೆದುಕೊಂಡು ಹೋಗಿ ಮೋಡ ತೋರಿಸುತ್ತಿದ್ದರು ಎಂದೆ. ಚಿತ್ರದ ಹೆಸರು “ಅಪ್ಪನ ಆಕಾಶ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ಸತ್ತಾಗ ನನಗೆ ಎರಡು ವರ್ಷ. ಅವರ ಹೆಗಲು ಹೇಗಿತ್ತು ಎಂದೂ ನನಗೆ ಗೊತ್ತಿಲ್ಲ.

ನೀನು ನಿಧಾನಕ್ಕೆ ಚಿತ್ರದ ಹತ್ತಿರ ಬಂದೆ. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, “ಈ ಮೂಲೇಲಿ ನೀಲಿ ಸರಿ ಕರಗ್ಲಿಲ್ಲ” ಎಂದೆ. ಜೋರಾಗಿ ಹೇಳಲಿಲ್ಲ, ನಿನ್ನಷ್ಟಕ್ಕೆ ಹೇಳಿಕೊಂಡೆ. ಪಕ್ಕದಲ್ಲಿದ್ದವರೊಬ್ಬರು ನಕ್ಕರು. ಮೇಘನ ನನ್ನ ಕಡೆ ತಿರುಗಿ, “ಇವರು ನಿಮ್ಮ ಕಡೆಯವರಾ?” ಎಂದಳು.

ನಿನ್ನ ಕೈ ನೋಡಿದೆ. ಬ್ಲೀಚಿಂಗ್ ಪುಡಿಗೆ ಬಿಳಿಚಿಕೊಂಡ ಬೆರಳು. ನೀರಿಗೆ ಬಣ್ಣ ಹೋದ ಅಂಚಿನ ಸೀರೆ, ರಬ್ಬರಿನ ಚಪ್ಪಲಿ. “ನಮ್ಮೂರಿನವರು” ಎಂದೆ.

ನಿನಗೆ ಕೇಳಿಸಿತು. ಚಿತ್ರಕ್ಕೆ ಬಗ್ಗಿದ್ದ ನಿನ್ನ ಕುತ್ತಿಗೆ ಸೆಟೆದದ್ದು ಕಂಡಿತು. ಆದರೂ ನೀನು ಸೆರಗು ಸರಿಮಾಡಿಕೊಂಡು, “ಹೌದು, ಊರಿನವಳು. ಚೆಂದ ಬಂದಿದೆ ಕಣಮ್ಮ, ಬರ್ತೀನಿ, ಬಸ್ಸಿಗೆ ಹೊತ್ತಾಯ್ತು” ಎಂದು ಹೋದೆ. ನಾನು ಹಿಂದೆ ಓಡಿ ಬರಲಿಲ್ಲ. ಯಾರೋ ನನ್ನ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅದರಲ್ಲಿ ನಾನು ನಗುತ್ತಿದ್ದೇನೆ.

ಅಪ್ಪನ ಹೆಸರಲ್ಲಿ ಹೇಳಿದ ಸುಳ್ಳು ಬಯಲಾಗುತ್ತದೆಂದು ಹೆದರಿ ಹಾಗೆಂದೆ ಎಂದು ಮೊದಲು ಬರೆಯೋಣವೆಂದಿದ್ದೆ. ಅದು ಅರ್ಧ ಮಾತ್ರ ನಿಜ. ಆ ಸುಳ್ಳು ಹೇಳದಿದ್ದರೂ ನಾನು ನಿನ್ನನ್ನು ಹಾಗೇ ಪರಿಚಯಿಸುತ್ತಿದ್ದೆನೇನೋ. ನಿನ್ನ ಬೆರಳು ಬೇಕಿತ್ತು ನನಗೆ, ಆ ಬೆರಳಿನ ಹೆಂಗಸು ಬೇಡವಾಗಿದ್ದಳು. ಬರೆದದ್ದನ್ನು ಓದಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಹೊಡೆದು ಹಾಕುವುದಿಲ್ಲ, ಇರಲಿ.

ಗುರುವಾರ ಮೇಘನ ಫೋನ್ ಮಾಡಿದಳು. “ನಿಮ್ಮೂರಿನ ಆ ಅಮ್ಮ ಹೊರಗಿನ ಮೇಜಿನ ಹತ್ರ ಒಂದು ಚೀಲ ಬಿಟ್ಟು ಹೋಗಿದಾರೆ. ನಾನು ಹೊರಗೆ ಬಂದಾಗ ಸಿಕ್ಕಿದ್ರು, ನಿಮಗೆ ಕೊಡಿ ಅಂದ್ರು. ಸುಮಲತಾ ನಿಮಗೇನಾಗ್ಬೇಕು ಅಂತ ಕೇಳಿದೆ. ಏನೂ ಆಗ್ಬೇಕಿಲ್ಲ, ಸಣ್ಣವಳಿದ್ದಾಗಿಂದ ನೋಡಿದೀನಿ, ಒಳ್ಳೆ ಹುಡುಗಿ ಅಂದ್ರು” ಎಂದಳು. ನಾನು ಹೂಂ ಎಂದೆ. ಚೀಲವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದಳು. ಶುಕ್ರವಾರ ಬಸ್ ಸ್ಟ್ಯಾಂಡಿಗೆ ಹೋಗಿ ತಂದೆ.

ಎರಡು ಕಟ್ಟು ಹಲಸಿನ ಹಪ್ಪಳ. ಅದರ ಕೆಳಗೆ ಪೇಪರಿನಲ್ಲಿ ಸುತ್ತಿದ್ದ ನಿನ್ನ ಹಸಿರು ಸೀರೆ, ಇಸ್ತ್ರಿ ಮಾಡಿದ್ದು, ಮಡಿಕೆ ಬಿಚ್ಚದ್ದು. ಜೊತೆಗೆ ಬಾಚಣಿಗೆ, ಕುಂಕುಮದ ಡಬ್ಬಿ. ಬಸ್ಸಿನಲ್ಲಿ ಮುದುಡುತ್ತದೆಂದು ಅಲ್ಲಿ ಬಂದು ಉಡಲು ತಂದಿದ್ದೆ ಅಲ್ಲವಾ? ಮಗಳ ಪಕ್ಕ ನಿಲ್ಲಿಸಿ ಯಾರಾದರೂ ಒಂದು ಫೋಟೋ ತೆಗೆದಾರು ಎಂದುಕೊಂಡಿದ್ದೆಯಾ? ಒಳಗೆ ಬಂದು, ನನ್ನ ಮಾತು ಕೇಳಿ, ಉಡದೆ ಹೊರಟೆ. ನಾನು ಅಂಗಡಿಯ ಶಟರು ಅರ್ಧಕ್ಕೆ ಎಳೆದು ನೆಲದ ಮೇಲೆ ಕೂತು ಅತ್ತೆ. ರಾಜೇಶ್ ಬಂದು ಏನಾಯಿತು ಎಂದು ಕೇಳಿದರು. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. “ನನ್ನ ಹತ್ರ ಹೇಳಿ ಪ್ರಯೋಜನ ಇಲ್ಲ” ಎಂದಷ್ಟೇ ಹೇಳಿ ಹೋದರು.

ಆ ನೀಲಿ ಚಿತ್ರವನ್ನು ಮೈಸೂರಿನ ಪ್ರದರ್ಶನಕ್ಕೆ ಆರಿಸಿದ್ದಾರೆ. ಒಂದು ಪುಸ್ತಕವನ್ನೂ ಅಚ್ಚು ಹಾಕಿಸುತ್ತಾರಂತೆ. ಅದರಲ್ಲಿ ಅಪ್ಪನ ಕಥೆ ಹಾಗೇ ಬರುವುದಿತ್ತು. ನಿನ್ನೆ ಶನಿವಾರ ಮೇಘನಳಿಗೆ ಫೋನ್ ಮಾಡಿ ನಿಜವನ್ನೆಲ್ಲ ಹೇಳಿದೆ. ಅವಳು “ಪರವಾಗಿಲ್ಲ ಬಿಡಿ, ಎಲ್ಲರಿಗೂ ಹೀಗಾಗ್ತದೆ” ಎಂದಳು. ಮನಸ್ಸು ಸ್ವಲ್ಪ ಹಗುರವಾಯಿತು.

ಮುಂದಿನ ಭಾನುವಾರ ಬರುತ್ತೇನೆ. ನೀನು ಕೆಲಸ ಬಿಟ್ಟು ಕೂರಬೇಕಾಗಿಲ್ಲ. ಮಾತಾಡಬೇಕಾಗಿಯೂ ಇಲ್ಲ. ಬೈದರೆ ಬೈಸಿಕೊಳ್ಳುತ್ತೇನೆ. ಟ್ಯಾಂಕು ತುಂಬಿತು ಎಂದು ಮಾತ್ರ ಎದ್ದು ಹೋಗಬೇಡ.

ಕಾಲು ನೋವಿನ ಎಣ್ಣೆ ಮುಗಿದಿದ್ದರೆ ಹೇಳು, ತರುತ್ತೇನೆ.

ನಿನ್ನ ಮಗಳು
ಸುಮಲತಾ

ಸೋಮವಾರ ಬೆಳಿಗ್ಗೆ ಸೇರಿಸಿದ್ದು: ಅಮ್ಮ, ಈ ಕಾಗದದಲ್ಲೂ ಒಂದು ಸುಳ್ಳು ಬರೆದಿದ್ದೇನೆ. ಶನಿವಾರ ನಾನು ಮೇಘನಳಿಗೆ ಫೋನ್ ಮಾಡಿಯೇ ಇರಲಿಲ್ಲ. ಪರವಾಗಿಲ್ಲ ಎಂದಳೆಂದು ಬರೆದದ್ದೂ ನಾನೇ ಹುಟ್ಟಿಸಿದ್ದು. ನಿನ್ನ ಕಣ್ಣಿಗೆ ಸ್ವಲ್ಪ ಒಳ್ಳೆಯವಳಾಗಿ ಕಾಣಬೇಕಿತ್ತು. ಕವರಿಗೆ ಗೋಂದು ಹಚ್ಚುವಾಗ ಕೈ ಓಡಲಿಲ್ಲ. ಈಗ ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದೆ. ಎಲ್ಲ ಹೇಳಿದೆ, ಅಪ್ಪನದು, ಶೀಟಿನದು, ನೀನು ಯಾರೆಂಬುದು. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಹಾಗಾದರೆ ಚಿತ್ರದ ಕೆಳಗೆ ಏನು ಹಾಕಬೇಕು, ಯಾರ ಹೆಸರು ಹಾಕಬೇಕು ಎಂದು ಕೇಳಿದಳು. ನಮ್ಮಮ್ಮನನ್ನು ಕೇಳಿ ಹೇಳುತ್ತೇನೆ ಎಂದೆ. ಅದನ್ನು ಮೆಟ್ಟಿಲು ಹತ್ತುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ. ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ. ಏನು ಬರೆಯಲಿ, ನೀನೇ ಹೇಳು. ಚಿತ್ರವೇ ಬೇಡ, ತೆಗೆಸಿಬಿಡು ಎಂದರೆ ಅದನ್ನೂ ಮಾಡುತ್ತೇನೆ. ಯಾಕೆ ಎಂದು ಕೇಳುವುದಿಲ್ಲ.