ಅಣ್ಣನ ಹೆಸರಿನ ಧೂಳು

ಮಂಗೋರ್ ಹಿಲ್, ವಾಸ್ಕೋ
ತಾ. ೧೪-೨-೧೯೯೩

ಬಾಳಕ್ಕ, ನಿನ್ನ ಕಾಲಿಗೆ ಬಿದ್ದೆನೆಂದೇ ತಿಳಿದು ಇದನ್ನು ಓದು. ಭಾವನವರು ಹೊರಗೆ ಹೋದಾಗ ಓದಿದರೆ ಚಲೋ.

ಕೆಟ್ಟ ಕನಸು ಬಿತ್ತು. ಬಂದರದ ಅದಿರಿನ ಗುಡ್ಡೆಯ ಮೇಲೆ ಇವರ ಎರಡೂ ಕೈಗಳು ಪಾರಿವಾಳದಂತೆ ಕುಳಿತಿದ್ದವು. ಇವರು ಮಾತ್ರ ಎಲ್ಲಿಯೂ ಇರಲಿಲ್ಲ. ಹಿಡಿದು ಸೆರಗಿನಲ್ಲಿ ಕಟ್ಟಿಕೊಂಡೆ. ಒಳಗೆ ಪಟಪಟ ಅನ್ನುತ್ತಲೇ ಇದ್ದವು. ಸಮುದ್ರ ಎದ್ದು ನಿಂತು ನೋಡುತ್ತಿತ್ತು, ಸದ್ದೇ ಇಲ್ಲ. ಎಚ್ಚರಾದ ಮೇಲೂ ಎಷ್ಟೋ ಹೊತ್ತು ಸೆರಗು ಬಿಡಿಸಲು ಹೆದರಿದೆ.

ಇವರ ಕೈನಡುಕ ನಿನಗೆ ಗೊತ್ತೇ ಇದೆ. ಈಗ ಅಂಗಿಯ ಗುಂಡಿಯನ್ನೂ ನಾನೇ ಹಾಕಬೇಕು. ನೀರಿನೊಳಗೆ ನಡೆದಂತೆ ನಡೆಯುತ್ತಾರೆ. ಬಾಗಿಲಲ್ಲಿ ಕೂತು ದೂರದ ಹಡಗು ನೋಡುತ್ತಾರೆ. ಹಡಗು ಸರಿಯುವುದಿಲ್ಲ, ಇವರೂ ಸರಿಯುವುದಿಲ್ಲ. ಮಗ್ಗುಲ ಮನೆಯ ಮಲಂಗಸಾಬ, “ಪರಮಣ್ಣಾ, ನಿನ್ನ ಕೈಯಾಗ ಚಾ ಕೊಟ್ರ ಸಕ್ರಿ ಕಲಸೂದ ಬ್ಯಾಡ ನೋಡು” ಎಂದು ಕಾಡುತ್ತಾನೆ. ಕಾಡಿದ ಮೇಲೆ ಲೋಟ ತಾನೇ ಹಿಡಿದು ಕುಡಿಸುತ್ತಾನೆ.

ಹೋದ ತಿಂಗಳು ದವಾಖಾನೆಯಿಂದ ಒಬ್ಬ ಡಾಕ್ಟರ್ ಬಾಯಿ ಬಂದಿದ್ದರು. ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವಳು ನಾನು, ತಿಳಿದಷ್ಟು ಬರೆಯುತ್ತೇನೆ. ಪಾರ್ಕಿನ್ಸನ್ಸ್ ಅಂತ ಒಂದು ಜಡ್ಡು ಇದೆಯಂತೆ, ಇದೂ ಅದರ ಹಾಗೇ ಕಾಣುತ್ತದಂತೆ. ಯಾಕೆ ಬರುತ್ತದೆಂದು ಯಾರಿಗೂ ಪೂರ್ತಿ ಗೊತ್ತಿಲ್ಲ. ಮ್ಯಾಂಗನೀಸ್ ಅದಿರಿನ ಧೂಳು ಕುಡಿದವರಿಗೆ ಹೆಚ್ಚು ಬರುತ್ತದೋ ಎಂದು ಅವರು ಸಂಶೋಧನೆ ಮಾಡುತ್ತಿದ್ದಾರೆ. ಮನೆ ಮನೆ ಕೇಳಿ ಎರಡು ಪಟ್ಟಿ ಮಾಡುತ್ತಾರೆ: ಅದಿರು ಹೊತ್ತವರದು ಒಂದು, ಮುಟ್ಟದವರದು ಒಂದು. ಎರಡಕ್ಕೂ ಫರಕು ಕಂಡರೆ ದಿಲ್ಲಿಯಿಂದ ಮೂರು ವರ್ಷದ ದುಡ್ಡು ಮಂಜೂರಾಗುತ್ತದೆ, ತಪಾಸಣೆ, ಗುಳಿಗೆ ಎಲ್ಲ ನಡೆಯುತ್ತದೆ. ಕಾಣದಿದ್ದರೆ ಕೆಲಸ ಇಲ್ಲಿಗೇ ನಿಂತಿತು.

ಇವರು ಏನು ದುಡಿಯುತ್ತಿದ್ದರು ಎಂದು ಕೇಳಿದರು. ತರಕಾರಿ ಗಾಡಿ ತಳ್ಳುತ್ತಿದ್ದರು ಎಂದೆ.

ಬೇರೆ ಏನು ಹೇಳಲಿ ಅಕ್ಕ? ಭಾವನವರು ಸೊಂಟ ಮುರಿದುಕೊಂಡು ಊರಿಗೆ ಬಂದ ಮೇಲೆ ಅವರ ಕೂಲಿ ಕಾರ್ಡಿನ ಮೇಲೆಯೇ ಇವರು ಬಂದರಕ್ಕೆ ಹೋದರು. ಹಾಜರಿಯಲ್ಲಿ ಹಣಮಪ್ಪ, ಅದಿರಿನ ಬುಟ್ಟಿಯ ಕೆಳಗೆ ಪರಮಣ್ಣ. ಆ ಕಾರ್ಡಿನ ಪಿಂಚಣಿ ಈಗ ನಿಮ್ಮ ಮನೆಗೆ ಬರುತ್ತದೆ. ಗೊತ್ತಾಗಿ ನಿಲ್ಲಿಸಿಬಿಟ್ಟರೆ? ಭಾವನವರನ್ನು ಪೊಲೀಸರು ಕರೆದರೆ?

ಡಾಕ್ಟರ್ ಬಾಯಿ ಇವರನ್ನು ಅದಿರು ಮುಟ್ಟದವರ ಪಟ್ಟಿಯಲ್ಲಿ ಬರೆದುಕೊಂಡು ಹೋದರು. ಮೊನ್ನೆ ಮತ್ತೆ ಬಂದಾಗ ಮುಖ ಬಾಡಿತ್ತು. ತರಕಾರಿ ಮಾರಿದವನಿಗೂ ಇಷ್ಟು ನಡುಕವೆಂದರೆ ಅದಿರಿನದು ತಪ್ಪು ಎನ್ನಲು ಬರುವುದಿಲ್ಲ, ದುಡ್ಡೂ ಬರುವುದಿಲ್ಲ ಅಂದರು. ಅದಿರು ಮುಟ್ಟದೆಯೂ ನಡುಗುವವರ ಮನೆ ಈ ಓಣಿಯಲ್ಲಿ ನಮ್ಮದು ಸೇರಿ ಐದಂತೆ. ಐದೂ ನನಗೆ ಗೊತ್ತು. ಐದೂ ಕಡೆ ದುಡಿದದ್ದು ಬೇರೆಯವರ ಕಾರ್ಡಿನ ಮೇಲೆ.

ಖರೇ ಹೇಳೋಣವೇ ಎಂದು ಇವರನ್ನು ಕೇಳಿದೆ. “ಹನ್ನೆರಡು ವರ್ಷ ಹಣಮಪ್ಪ ಅಂದ್ರ ಓ ಅಂದೀನಿ. ಈಗ ಅಣ್ಣನ ಅನ್ನಕ್ಕ ಕಲ್ಲು ಹಾಕ್ಲೇನು?” ಎಂದು ಗೋಡೆ ಕಡೆ ಹೊರಳಿದರು.

ಅದಕ್ಕೇ ಸುಮ್ಮನಿದ್ದೇನೆ. ನೀನು ಭಾವನವರಿಗೆ ಮೆಲ್ಲಗೆ ಹೇಳಿ ಒಪ್ಪಿಸಿದರೆ ಮಾತ್ರ ಬಾಯಿ ತೆರೆಯುತ್ತೇನೆ.

ನಿನ್ನ ತಂಗಿ,
ಸತ್ಯವ್ವ

ತಾ.ಕ.: ಸುಮ್ಮನಿದ್ದೇನೆ ಎಂದದ್ದು ಸುಳ್ಳು ಅಕ್ಕ. ನಿನ್ನೆಯೇ ಹೇಳಿಬಿಟ್ಟೆ. ಹೆಸರು ತಮ್ಮ ವಹಿಯಿಂದ ಹೊರಗೆ ಹೋಗುವುದಿಲ್ಲ ಎಂದು ಡಾಕ್ಟರ್ ಬಾಯಿಯವರು ಮಾತು ಕೊಟ್ಟಿದ್ದಾರೆ. ಇವರಿಗೆ ಇನ್ನೂ ತಿಳಿಸಿಲ್ಲ. ನನ್ನ ಹಿಂದೆ ಇನ್ನೂ ಎರಡು ಮನೆಯ ಹೆಂಗಸರು ಹೋಗಿ ಹೇಳಿ ಬಂದರು. ಭಾವನವರು ಊರಿಗೆ ಬಂದದ್ದು ಎಂಬತ್ತರಲ್ಲೋ, ಎಂಬತ್ತೊಂದರಲ್ಲೋ? ನಾನು ಎಂಬತ್ತು ಎಂದು ಬರೆಸಿದ್ದೇನೆ. ಇವರು ಅದಿರು ಹೊರಲು ಹತ್ತಿದ ವರ್ಷಕ್ಕೆ ಅಂದಾಜು ನಡೆಯುವುದಿಲ್ಲವಂತೆ. ಅವರ ಸೊಂಟದ ಆಪರೇಷನ್ ಚೀಟಿಯಲ್ಲಿ ತಾರೀಖು ಇರುತ್ತದೆ, ಅದನ್ನು ನೋಡಿ ಬರೆ.