ಅರ್ಧ ಇಂಚು ಬಿಗಿ

ಲಷ್ಕರ್ ಮೊಹಲ್ಲಾ, ಮೈಸೂರು
೧೨ ಮೇ ೧೯೫೪

ಗೆಳೆಯ ಮರಿಸ್ವಾಮಿಗೆ ದರ್ಜಿ ಚಿಕ್ಕಣ್ಣನ ನಮಸ್ಕಾರ. ಇಲ್ಲಿ ಕ್ಷೇಮವಿಲ್ಲ, ಹಾಗಾಗಿ ಆ ಮಾತು ಬರೆಯುವುದಿಲ್ಲ.

ನಿನ್ನೆ ಯಾದವಗಿರಿಗೆ ನಡೆದುಕೊಂಡೇ ಬಂದಿದ್ದೆ. ನೀನು ಮನೆಯಲ್ಲಿಲ್ಲ ಎಂದು ಒಳಗಿನಿಂದ ಹೇಳಿ ಕಳಿಸಿದೆ. ನಿನ್ನ ಚಪ್ಪಲಿ ಬಾಗಿಲಲ್ಲೇ ಇತ್ತು. ಎಡಗಾಲಿನ ಹಿಮ್ಮಡಿ ಹಾಗೆ ಸವೆಯುವುದು ಮೈಸೂರಿನಲ್ಲಿ ನಿನ್ನದೊಂದೇ. ಇರಲಿ. ನೀನು ಓದಿ ಗುಮಾಸ್ತನಾದೆ, ನಾನು ಮೂರನೇ ಕ್ಲಾಸಿಗೆ ಸ್ಲೇಟು ಇಟ್ಟು ಸೂಜಿ ಹಿಡಿದೆ. ಅಕ್ಷರ ಸೊಟ್ಟಗಿದ್ದರೂ ಓದು. ಹರಿದು ಹಾಕಿದರೆ ಇನ್ನೊಂದು ಬರೆಯುತ್ತೇನೆ.

ನಿನ್ನ ಮಗ ದೇವರಾಜುವಿಗೂ ನಮ್ಮ ಬೀದಿಯ ಮಂಗಳಮ್ಮನ ಮಗಳು ವನಜಾಕ್ಷಿಗೂ ಆಗಬೇಕಿದ್ದ ಮದುವೆಯನ್ನು ನೀನು ಮುರಿದೆ. ಕಾರಣ ನನ್ನ ಮಗ ಶ್ರೀಕಂಠ ಆಡಿದ ಮಾತು. ಮದುವೆಯ ಕೋಟು ಹಾಕಿ ನೋಡಲು ದೇವರಾಜು ಅಂಗಡಿಗೆ ಬಂದಾಗ, ಭುಜಕ್ಕೆ ಗುಂಡುಸೂಜಿ ಚುಚ್ಚುತ್ತ ಶ್ರೀಕಂಠ ಹೇಳಿದನಂತೆ: "ಆ ಹುಡುಗಿ ಎಡತೋಳಲ್ಲಿ ಸುಟ್ಟ ಕಲೆ ಐತೆ ಕಣ್ರೀ, ಮೊಣಕೈಗಿಂತ ಮೇಲೆ. ನಂಗೆಂಗೆ ಗೊತ್ತು ಅಂತ ಅವಳನ್ನೇ ಕೇಳಿ." ಅಷ್ಟೇ. ಕೋಟು ಅಲ್ಲೇ ಬಿಚ್ಚಿಟ್ಟು ದೇವರಾಜು ಹೋದ. ಕಲೆ ಇರುವುದು ನಿಜ ಎಂದು ತಿಳಿದ ಮೇಲೆ ನೀನು ಮತ್ತೇನನ್ನೂ ಕೇಳಲಿಲ್ಲ.

ನನ್ನನ್ನು ಕೇಳಬೇಕಿತ್ತು. ಶ್ರೀಕಂಠ ಆ ತೋಳನ್ನು ಕಂಡವನೇ ಅಲ್ಲ. ನಮ್ಮ ಅಂಗಡಿಯಲ್ಲಿ ಹೆಂಗಸರ ಮೈಗೆ ಟೇಪು ಹಿಡಿಯುವ ಪದ್ಧತಿಯಿಲ್ಲ. ಹಳೆಯ ರವಿಕೆ ಕೊಡುತ್ತಾರೆ, ಅದರ ಅಳತೆಗೆ ಹೊಲಿಯುತ್ತೇವೆ. ಮೂರು ವರ್ಷದ ಹಿಂದೆ ಮಂಗಳಮ್ಮ ರವಿಕೆ ತಂದು, "ಗಂಜಿ ಚೆಲ್ಲಿ ಮಗೀ ತೋಳು ಸುಟ್ಟೈತೆ ಕಣಣ್ಣ, ಕಲೆ ಕಾಣದಂಗೆ ಎರಡು ಬೆರಳು ಉದ್ದ ಬುಡು" ಎಂದಳು. ಅಳತೆ ಪುಸ್ತಕದಲ್ಲಿ ನಾನೇ ಹಾಗೆ ಬರೆದುಕೊಂಡೆ. ಶ್ರೀಕಂಠ ಅದನ್ನು ಓದಿ ತಿಳಿದದ್ದು, ಅಷ್ಟೇ. ಆ ಹಾಳೆಯನ್ನು ಹರಿದು ಇದರ ಜೊತೆ ಇಟ್ಟಿದ್ದೇನೆ. ನನ್ನ ಕೈಬರಹವನ್ನು ನಿನಗೆ ಯಾರೂ ಗುರುತು ಹಿಡಿದುಕೊಡಬೇಕಿಲ್ಲ.

ಇಪ್ಪತ್ತಾರು ವರ್ಷದಲ್ಲಿ ನಾನು ಹೊಲಿದ ಬಟ್ಟೆ ಸರಿಯಿಲ್ಲವೆಂದು ವಾಪಸು ಬಂದದ್ದಿಲ್ಲ. ಇದನ್ನು ಜಂಬದಿಂದಲೇ ಬರೆಯುತ್ತೇನೆ. ಶ್ರೀಕಂಠನ ಕೈ ನನ್ನದಕ್ಕಿಂತ ಒಳ್ಳೆಯದು. ಆದರೂ ವನಜಾಕ್ಷಿಯ ರವಿಕೆ ಪ್ರತಿ ಸಲ ವಾಪಸು ಬರುತ್ತಿತ್ತು, ಕಂಕುಳಲ್ಲಿ ಅರ್ಧ ಇಂಚು ಬಿಗಿ. ಬಿಚ್ಚಿ ಹೊಲಿದರೆ ಮತ್ತೆ ಬಿಗಿ. ಒಂದು ರವಿಕೆಗೆ ಆ ಹುಡುಗಿ ಮೂರು ಸಲ ಅಂಗಡಿಯ ಮೆಟ್ಟಿಲು ಹತ್ತಲಿ ಎಂದೇ ಅವನು ಹಾಗೆ ಹೊಲಿಯುತ್ತಿದ್ದ. ವಯಸ್ಸಿನ ಹುಚ್ಚು, ಇಳಿಯುತ್ತದೆ ಎಂದು ನಾನು ಸುಮ್ಮನಾದೆ. ಇಳಿಯಲಿಲ್ಲ. ಕಳೆದುಹೋಯಿತು ಎಂದು ಹೇಳಿದ್ದ ಅವಳ ಅಳತೆ ರವಿಕೆ ಅವನ ಟ್ರಂಕಿನ ತಳದಲ್ಲಿ ಸಿಕ್ಕಿತು. ನಿಶ್ಚಿತಾರ್ಥವಾದ ದಿನದಿಂದ ಅನ್ನ ಬಿಟ್ಟ. ಮುಹೂರ್ತದ ರವಿಕೆಗೆಂದು ಮಂಗಳಮ್ಮ ಕೊಟ್ಟಿದ್ದ ರೇಷ್ಮೆಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಟ್ಟ. ಪ್ರೀತಿ ಎನ್ನುತ್ತಾನೆ. ಪ್ರೀತಿಸಿದವಳ ಹೆಸರನ್ನೇ ಬೀದಿಗೆಳೆದ ಮೇಲೆ ಅದಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ.

ಅವನು ಆಡಿದ ಮಾತು ನನಗೆ ತಿಳಿದದ್ದು ಮೊನ್ನೆ ಸೋಮವಾರ, ವನಜಾಕ್ಷಿ ಅಂಗಡಿಗೆ ಬಂದಾಗ. ನಡುಮಧ್ಯಾಹ್ನ, ಗಿರಾಕಿಗಳು ನಾಲ್ಕೈದು ಜನ ಇದ್ದರು. ತಾಯಿಯನ್ನೂ ಕರೆತಂದಿರಲಿಲ್ಲ. ರವಿಕೆಯ ತೋಳನ್ನು ಮೇಲಕ್ಕೆ ಮಡಚಿದಳು. "ಎಲ್ಲರೂ ನೋಡ್ಕೊಳಿ, ಇದೇ ಆ ಕಲೆ. ಮಾವ, ಇನ್ಮೇಲೆ ನನ್ ರವಿಕೆ ತೋಳು ಮೋಟಾಗೇ ಹೊಲೀರಿ. ಮುಚ್ಚಿಟ್ಟಿದ್ದಕ್ಕೇ ತಾನೆ ಇದೊಂದು ಮಾತಾಗಿದ್ದು." ಶ್ರೀಕಂಠ ಮೇಜಿನ ಹಿಂದೆ ನಿಂತು ಅಳುತ್ತಿದ್ದ. ಅವನ ಕಡೆ ತಿರುಗಿ, "ಅಳೋದ್ ಬುಡಪ್ಪ, ಯಾರದೋ ಬಟ್ಟೆ ಮೇಲೆ ಬಿದ್ರೆ ಕರೆ ಆಗ್ತದೆ" ಎಂದಳು. ಇಳಿದು ಹೋದಳು. ಮರಿಸ್ವಾಮಿ, ಆ ಹುಡುಗಿಯನ್ನು ನೋಡಿ ಪಟ್ಟಷ್ಟು ಹೆಮ್ಮೆಯನ್ನು ನನ್ನ ಮಗನನ್ನು ನೋಡಿ ನಾನು ಎಂದೂ ಪಟ್ಟದ್ದಿಲ್ಲ.

ಇನ್ನು ನನ್ನ ಕತ್ತರಿ ಮುಟ್ಟಬೇಡ ಎಂದು ಶ್ರೀಕಂಠನಿಗೆ ಹೇಳಿದೆ. ನಂಜನಗೂಡಿಗೆ, ಅವನ ಅಕ್ಕನ ಮನೆಗೆ ಹೋದ. ಹೊರಡುವಾಗ ಅಂಗಿಯ ಗುಂಡಿಗಳನ್ನು ಅದಲುಬದಲು ಹಾಕಿಕೊಂಡಿದ್ದ. ನಾನೇ ಬಿಚ್ಚಿ ಸರಿಯಾಗಿ ಹಾಕಿದೆ. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಬಟ್ಟೆ ವಾಪಸು ಕೇಳಿ ಒಯ್ಯುತ್ತಿದ್ದಾರೆ. ಒಯ್ಯಲಿ, ಅವರದೇನು ತಪ್ಪು.

ನಿನ್ನಿಂದ ಉಪಕಾರ ಬೇಡುತ್ತಿಲ್ಲ. ಭಾನುವಾರ ಬೆಳಿಗ್ಗೆ ದೇವರಾಜುವನ್ನು ಕರೆದುಕೊಂಡು ಮಂಗಳಮ್ಮನ ಮನೆಗೆ ಬಾ. ತಪ್ಪಾಯಿತು ಎಂದು ಬೀದಿಗೆ ಕೇಳುವ ಹಾಗೆ ಹೇಳು. ಮದುವೆಗೆ ವನಜಾಕ್ಷಿ ಒಪ್ಪುವುದು ಬಿಡುವುದು ಅವಳಿಷ್ಟ. ಒಪ್ಪದಿದ್ದರೆ ನಷ್ಟ ನಿನ್ನ ಮಗನದು. ಅವಳ ಹೆಸರು ಮಾತ್ರ ಮೊದಲು ಹೇಗಿತ್ತೋ ಹಾಗಾಗಬೇಕು.

ಇಂತಿ, ಒಂದೇ ಬೆಂಚಿನಲ್ಲಿ ಕೂತಿದ್ದ ನಿನ್ನ
ಚಿಕ್ಕಣ್ಣ

ಬಿಟ್ಟ ಮಾತು: ಮೊನ್ನೆ ತಿಳಿಯಿತು ಎಂದು ಮೇಲೆ ಬರೆದದ್ದು ಸುಳ್ಳು. ದೇವರಾಜು ಕೋಟು ಹಾಕಿಕೊಂಡ ದಿನ ನಾನು ಪರದೆಯ ಈಚೆ ಮಿಷನ್ ತುಳಿಯುತ್ತಿದ್ದೆ. ಶ್ರೀಕಂಠನ ಮಾತು ಪೂರ್ತಿ ಕೇಳಿಸಿತು. ಎದ್ದು ಹೋಗಿ "ಸುಳ್ಳು ಕಣಪ್ಪ" ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೋದ ವರ್ಷ ಶ್ರೀಕಂಠನಿಗೆ ಹೆಣ್ಣು ಕೇಳಲು ಹೋದಾಗ ಮಂಗಳಮ್ಮ "ದರ್ಜಿ ಮನೇಗಾ?" ಎಂದು ನಕ್ಕಿದ್ದಳು. ಆ ನಗು ನೆನಪಾಯಿತು. ಮಿಷನ್ನನ್ನು ಇನ್ನೂ ಜೋರಾಗಿ ತುಳಿದೆ. ಹದಿನಾರು ದಿನ ಬಾಯಿ ಬಿಡಲಿಲ್ಲ. ಭಾನುವಾರ ನೀನು ಬಂದರೂ ಬರದಿದ್ದರೂ ನಾನು ಅವರ ಮನೆಯ ಜಗಲಿಯ ಮೇಲಿರುತ್ತೇನೆ. ಇದನ್ನು ಮಂಗಳಮ್ಮನಿಗೆ ಕಾಗದದಲ್ಲಿ ಬರೆದರೆ ಸಾಲದು.