ಅಂಗೈಯ ಲಿಂಗ, ಎದೆಯ ಫಿಲ್ಮು

ದೇವಾಪುರ
ಸೋಮವಾರ, ೧೨-೨-೨೦೨೪

ಶಹಾಪುರದ ನನ್ನ ಗೆಳತಿ ಖುರ್ಷೀದಬೇಗಂಗೆ ದೇವಕ್ಕ ಮಾಡುವ ಶರಣು, ಸಲಾಮು ಎರಡೂ.

ನಿನಗೆ ಒಂದು ಸಾಲು ಬರೆಯದೆ ಹದಿನಾಲ್ಕು ತಿಂಗಳಾಯಿತು. ತಪ್ಪು ನನ್ನದು. ಫೋನ್ ಮಾಡಬಹುದಿತ್ತು, ಆದರೆ ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ಕಾಗದ. ಮೊದಲು ಒಳ್ಳೆಯ ಸುದ್ದಿ ಕೇಳು: ಗೆದ್ದು ಬಂದಿದ್ದೇನೆ. ಕ್ಯಾನ್ಸರ್ ಇತ್ತು. ಎಡಗಡೆಯ ಎದೆ ತೆಗೆದರು. ಆಮೇಲೆ ಕಲಬುರಗಿಯಲ್ಲಿ ಇಪ್ಪತ್ತೈದು ದಿನ ಕರೆಂಟ್, ಅಂದರೆ ಕಿರಣದ ಚಿಕಿತ್ಸೆ, ಕೊಟ್ಟರು. ಶುಕ್ರವಾರ ಮುಗಿಯಿತು.

ಅಲ್ಲಿ ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ನನ್ನ ಕೊರಳಿನ ಇಷ್ಟಲಿಂಗ ನೀನು ಕಂಡದ್ದೇ. ಆಪರೇಷನ್ನಿನಲ್ಲಿ ನನಗೆ ಅರಿವಿಲ್ಲದಾಗ ತೆಗೆದಿದ್ದರು. ಎಚ್ಚರವಾದ ಮೇಲೆ ಗೊತ್ತಾಗಿ ಮೂರು ದಿನ ಊಟ ಸೇರಲಿಲ್ಲ. ಎಚ್ಚರವಿದ್ದು ನಾನೇ ತೆಗೆದಿಡುವುದು ಹೇಗೆ? ಕರೆಂಟಿನ ಕೋಣೆಯಲ್ಲಿ "ಕೊರಳಾಗಿಂದು ತಗದು ಹೊರಗ ಇಡ್ರಿ" ಎಂದರೆ ಹೂಂ ಎಂದು, ಬೆಳ್ಳಿ ಕರಡಿಗೆಯ ಸಮೇತ ಸೆರಗಿನಲ್ಲಿ ಗಂಟು ಹಾಕಿಕೊಂಡೆ. ಅವರು ಬಾಗಿಲು ಹಾಕುವುದರೊಳಗೆ ಹೊದಿಸಿದ ಬಟ್ಟೆಯಡಿ ಎದೆಯ ಮೇಲೆ ಇಟ್ಟುಕೊಂಡು, ಕೈಗಳನ್ನು ಅವರು ಹೇಳಿದ್ದಂತೆ ಮತ್ತೆ ತಲೆಯ ಮೇಲಕ್ಕೆ ಚಾಚಿ ಮಲಗಿದೆ.

ಮೂರನೆಯ ದಿನ ದಾನೇಶ್ವರಿ ಬಂದಳು. ಕಿರಣದ ಅಳತೆ ನೋಡುವ ಹುಡುಗಿ, ಬಳಿಚಕ್ರದವಳು. ಅಂಗೈಯಗಲದ ಹಳದಿ ಫಿಲ್ಮನ್ನು ನನ್ನ ಹೊಲಿಗೆಯ ಮೇಲೆ ಅಂಟಿಸಿದಳು. "ಕಿರಣ ಬಿದ್ದಷ್ಟೂ ಇದು ಹಸರಾಗತದ, ಅವ್ವಾ. ನಾಳಿ ಬಣ್ಣ ನೋಡಿದ್ರ ನಿಮಗ ಎಷ್ಟು ಬಿದ್ದದ ತಿಳೀತದ." ಅವಳು ಹೊರಗೆ ಹೋದ ಕೂಡಲೇ ನಾನು ನನ್ನ ಕೆಲಸ ಮಾಡಿದೆ.

ಮರುದಿನ ಆ ಫಿಲ್ಮು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹಸಿರಿನ ನಡುವೆ ಒಂದು ಕಪ್ಪಗಿನ ಗುಂಡು, ಒತ್ತಿದ ಮುದ್ರೆಯ ಹಾಗೆ.

"ಎದಿ ಮ್ಯಾಲ ಏನಿಟಗೊಂಡಿದ್ರಿ?"

"ಏನಿಲ್ಲವಾ."

"ಫಿಲ್ಮು ಸುಳ್ಳು ಹೇಳಂಗಿಲ್ರಿ. ನೀವು ಹೇಳಾಕತ್ತೀರಿ."

ಗಂಟು ಬಿಚ್ಚಿ ತೋರಿಸಿದೆ. ಅವಳು ಬೈಯಲಿಲ್ಲ. "ಇದು ಅಡ್ಡ ಬಂದ್ರ ಚರ್ಮಕ್ಕ ಹೆಚ್ಚು ಬಿದ್ದು ಸುಡತದ, ಒಳಗ ಬೇಕಾದಲ್ಲಿ ಕಮ್ಮಿ ಬೀಳತದ. ಮೂರೇ ದಿನ ಆಗ್ಯಾವ, ಸರಿ ಮಾಡಬಹುದು. ಇನ್ನ ಬ್ಯಾಡ."

"ಲಿಂಗ ಬಿಟ್ಟು ಮಲಗಂಗಿಲ್ಲ. ನಿಮ್ಮ ಕರೆಂಟೇ ಬ್ಯಾಡ, ಮನಿಗೆ ಹೋಗತೀನಿ" ಎಂದೆ. ಜೊತೆಗೆ ಬಂದಿದ್ದ ನಮ್ಮ ಮನೆಯವರು ಗೋಡೆ ಹಿಡಿದು ಕೂತುಬಿಟ್ಟರು.

ಅವರ ಮುಖ ನೋಡುವಾಗಲೇ ಹೊಳೆಯಿತು, ಖುರ್ಷೀದಾ. ದಿನಾ ಪೂಜೆಗೆ ಲಿಂಗ ಎಡಗೈಯ ಮೇಲೆ ತಾನೇ ಕೂಡುವುದು! ಇಲ್ಲಿ ಆ ಕೈ ತಲೆಯ ಮೇಲೆ ದೂರ ಇರುತ್ತದೆ.

"ತಂಗೀ, ಅಂಗೈಯಾಗ ಹಿಡಕೊಂಡ್ರ?"

ಹುಡುಗಿ ಸ್ವಲ್ಪ ಯೋಚಿಸಿ ನಕ್ಕಳು. "ನೋಡೂಣ್ರಿ. ಬರೇ ಮಾತಿನ ಮ್ಯಾಲ ನಾ ಬಿಡಂಗಿಲ್ಲ." ಡಾಕ್ಟರನ್ನು ಕೇಳಿಕೊಂಡು ಬಂದು, ಎದೆಗೊಂದು, ಲಿಂಗದ ಅಡಿಗೊಂದು ಫಿಲ್ಮು ಇಟ್ಟಳು. ಮರುದಿನ ನೋಡಿದರೆ ಎದೆಯದು ಪೂರ್ತಿ ಹಸಿರು, ಒಂದು ಕಲೆಯಿಲ್ಲ. ಅಂಗೈಯದು ಹಳದಿ ಹಳದಿಯಾಗಿಯೇ ಇತ್ತು!

ಉಳಿದ ಇಪ್ಪತ್ತೊಂದು ದಿನ ಹಾಗೆಯೇ ಶಿವನನ್ನು ಕೈಯಲ್ಲಿ ಹಿಡಿದು ಮಲಗಿದೆ. ಮಷೀನು ನಡೆಸುವ ದೇವಿಂದ್ರ, "ಅವ್ವಾ, ನಿಮ್ಮ ಸ್ವಾಮಿಗೂ ಒಂದು ಫೈಲ್ ಮಾಡಸೂಣೇನು?" ಎಂದು ಕಾಡುತ್ತಿದ್ದ. ತಾಳಿ ಬಿಚ್ಚಲಾರೆನೆಂದು ಅಳುತ್ತಿದ್ದ ಕಡೇಚೂರಿನ ದುರಗಮ್ಮನಿಗೂ ಈಗ ಅಂಗೈಯೇ ಕೊರಳು. ಅವಳದಕ್ಕೂ ದಾನೇಶ್ವರಿ ಫಿಲ್ಮು ಇಟ್ಟು ನೋಡಿಯೇ ಬಿಟ್ಟಳು.

ನಿನ್ನ ಮಗಳು ಕುಬ್ರಾಳ ಮಡಿಲು ತುಂಬಿದೆಯೆಂದು ಕೇಳಿದೆ. ಆ ಕೂಸು ನೂರು ವರ್ಷ ಬಾಳಲಿ, ಶಿವನೂ ನಿನ್ನ ಅಲ್ಲಾಹನೂ ಕಾಯಲಿ.

ನಿನ್ನ
ದೇವಕ್ಕ

ತಾ.ಕ.: ಕುಬ್ರಾಳ ಮದುವೆಯ ದಿನ ನನ್ನ ಕುಪ್ಪಸದ ಬೆನ್ನಿನ ಹುಕ್ಕು ಹಾಕಿ, ಮುಂದೆ ಸರಿಮಾಡುವಾಗ ಎದೆಯ ಆ ಗಂಟು ಮೊದಲು ತಾಗಿದ್ದು ನಿನ್ನ ಕೈಗೆ. "ದವಾಖಾನಿಗೆ ಹೋಗ" ಎಂದು ನೀನು ಹೇಳಿದೆ. ನಿನ್ನದು ಕೆಟ್ಟ ಕಣ್ಣು ಎಂದು ನಾನು ಊಟದ ಪಂಕ್ತಿಯಲ್ಲಿ ನಿನ್ನ ಬೀಗರೆದುರು ಕೂಗಿ, ಎಲೆ ಬಿಟ್ಟು ಎದ್ದು ಬಂದೆ. ಆರು ತಿಂಗಳು ಯಾರಿಗೂ ತೋರಿಸಲಿಲ್ಲ. ಆಗಲೇ ಬಂದಿದ್ದರೆ ಎದೆ ಉಳಿಯುತ್ತಿತ್ತಂತೆ. ಹೊಲಿಗೆ ಮಾಗಿದೆ, ಆ ಮಾತು ಮಾಗಿಲ್ಲ. ಹಳದಿ ಫಿಲ್ಮನ್ನು ಬೇಡಿ ತಂದು ಈ ಲಕೋಟೆಯಲ್ಲಿ ಇಟ್ಟಿದ್ದೇನೆ, ಬಿಸಿಲಿಗೆ ಹಿಡಿಯಬೇಡ. ಅದನ್ನು ಹಿಂದಿರುಗಿಸುವ ನೆಪದಲ್ಲಾದರೂ ಬಾ. ನನ್ನ ಎಡಗೈ ಇನ್ನೂ ಬೆನ್ನಿನ ಹುಕ್ಕಿಗೆ ಎಟುಕುವುದಿಲ್ಲ.